ನೀಳವಾದ ಭಾನುವಾರ: ಒಂದು ಉಪಮೆಯ ವಿಮರ್ಶೆ

ಪ್ಯಾರಿಸ್ ನಗರದಲ್ಲಿರುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2020ನೆಯ ಏಪ್ರಿಲ್ ತಿಂಗಳಿನಲ್ಲಿ ಪ್ರಕಟಿಸಿದ ‘ಗ್ಲೋಬಲ್ ಎನರ್ಜಿ ರಿವ್ಯೂ 2020’ ಎಂಬ ವರದಿಯು, ಕೋವಿಡ್-19 ಮಹಾಮಾರಿಯಿಂದ ಲೋಕದ ಇಂಧನಬಳಕೆಗೆ ಒದಗಿದ ಸ್ಥಿತಿಯನ್ನು ಮೊದಮೊದಲು ನಿರೂಪಿಸಿದ ಬರಹಗಳಲ್ಲಿ ಒಂದು. ಅಂಕಿಗಳೇ ತುಂಬಿರುವ ಈ ವರದಿಯಲ್ಲಿ ಒಂದು ಉಪಮೆಯೂ ಉಂಟು. ಲಾಕ್‌ಡೌನ್ ಜಾರಿಯಲ್ಲಿದ್ದ ವಾರಗಳಲ್ಲಿ ವಿದ್ಯುತ್ತಿನ ಬೇಡಿಕೆಯ ಆಕಾರವು ಬಹುಕಾಲ ಮುಂದುವರಿದ ಭಾನುವಾರವನ್ನು ಹೋಲುತ್ತಿದ್ದಿತೆಂದು ಅದರ ಕರ್ತೃಗಳು ಹೇಳಿರುವರು. ವರದಿಯ ಗುಣದೋಷಗಳೆರಡನ್ನೂ ಈ ಉಪಮೆಯಿಂದಲೇ ಅಳೆಯಬಹುದು.

ಉಪಮೆಯು ಯುಕ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಭಾನುವಾರ ಕಾರ್ಖಾನೆ, ಕಚೇರಿ, ಅಂಗಡಿಗಳ ಬಳಕೆಯು ತಗ್ಗಿ ಮನೆಗಳ ಬಳಕೆಯು ಹೆಚ್ಚುವುದು. ಬೆಳಗಿನ ಹೊತ್ತು ಬೇಡಿಕೆಯು ಎಂದಿನಂತೆ ತಟ್ಟನೆ ಮೇಲೇರದು. 2020ರ ವಸಂತದಲ್ಲಿ ಹಲವು ದೇಶಗಳಲ್ಲಿ ಕಂಡುದೂ ಇದೇ. ಪೂರ್ಣ ಲಾಕ್‌ಡೌನ್ ಇದ್ದ ಕೆಲವೆಡೆ ಬೇಡಿಕೆಯು ಶೇಕಡ 20ರಷ್ಟು ಅಥವಾ ಅದಕ್ಕೂ ಹೆಚ್ಚಾಗಿ ಇಳಿದಿತ್ತು. ಗಾಳಿ ಬಿಸಿಲುಗಳಿಂದ ಹುಟ್ಟುವ ವಿದ್ಯುತ್ತಿಗೆ ಇಂಧನದ ವೆಚ್ಚವಿಲ್ಲ. ಅದಕ್ಕೇ ಮೊದಲ ಅವಕಾಶವೆಂಬ ನಿಯಮವೂ ಅನೇಕ ದೇಶಗಳಲ್ಲಿ ಉಂಟು. ಆದುದರಿಂದ ಬೇಡಿಕೆ ಕುಗ್ಗಿದಾಗ ಕಲ್ಲಿದ್ದಲಿನ ಸ್ಥಾವರಗಳು ಹೆಚ್ಚಾಗಿ ಹಿಂದೆ ಸರಿದವು. ಸಾಧಾರಣಧರ್ಮವು ಇಷ್ಟು ಸ್ಪಷ್ಟವಾಗಿರುವ ಉಪಮೆಯು ಇಂಥ ವರದಿಗಳಲ್ಲಿ ವಿರಳ.

ಆದರೆ ಉಪಮಾನವು ತನ್ನ ಪರಿವಾರವನ್ನೂ ಒಡನೆ ಕರೆತರುವುದು. ಭಾನುವಾರವೆಂದರೆ ಬಿಡುವು. ಭಾರತದಲ್ಲಿ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದಾಗ, ದಿನಗೂಲಿಯು ತಪ್ಪಿ ಹೆದ್ದಾರಿಗಳಲ್ಲಿ ಕಾಲ್ನಡೆಯಿಂದ ಊರಿಗೆ ಹೊರಟ ಕೂಲಿಕಾರರಿಗೆ ಅದು ಬಿಡುವಾಗಿರಲಿಲ್ಲ. ಬೇಡಿಕೆಯ ರೇಖೆಯು ರಜೆಯನ್ನೂ ನಿರುದ್ಯೋಗವನ್ನೂ ಬೇರ್ಪಡಿಸಿ ತೋರಿಸಲಾರದು. ಹೀಗಿರಲು, ಆ ಇಳಿತವನ್ನು ಲೋಕಕ್ಕೆ ಬಂದ ಲಾಭವೆಂದೆಣಿಸುವುದು ಅರ್ಥಕ್ಕೆ ಮಾಡುವ ಅಪಚಾರ.

2020ರಲ್ಲಿ ಬೆಳೆಯುವುದು ನವೀಕರಿಸಬಹುದಾದ ಇಂಧನವೊಂದೇ ಎಂದು ವರದಿಯು ನುಡಿಯಿತು. ಅದು ನಿಜವೂ ಆಯಿತು. ವಿದ್ಯುದುತ್ಪಾದನೆಯಲ್ಲಿ ಅದರ ಪಾಲು 2019ರ ಶೇಕಡ 27ರಿಂದ 2020ರಲ್ಲಿ ಸುಮಾರು 29ಕ್ಕೆ ಏರಿತು. ಪರಿವರ್ತನೆಯು ತ್ವರೆಗೊಂಡಿತೆಂದು ಸಂತೋಷಪಟ್ಟವರಿಗೆ ಆಧಾರವಾದುದು ಈ ಬಗೆಯ ಅಂಕಿಯೇ. ಆದರೆ ಪಾಲು ಎಂಬುದಕ್ಕೆ ಭಾಜಕವೊಂದಿದೆ. ಒಟ್ಟು ಉತ್ಪಾದನೆ 100 ಆಗಿ ಅದರಲ್ಲಿ ನವೀಕರಿಸಬಹುದಾದುದು 27 ಇದ್ದರೆ ಪಾಲು ಶೇಕಡ 27. ಒಟ್ಟು ಮೊತ್ತವು 90ಕ್ಕೆ ಇಳಿದರೆ, ಹೊಸದಾಗಿ ಏನನ್ನೂ ಕಟ್ಟದೆಯೇ ಅದು 30 ಆಗುವುದು. ಆ ವರ್ಷ ಹೊಸ ಸ್ಥಾವರಗಳೂ ಬಹಳವಾಗಿ ಎದ್ದುದರಿಂದ ಏರಿಕೆಯಲ್ಲಿ ನಿಜವಾದ ವೃದ್ಧಿಯೂ ಇತ್ತು. ಆದರೂ ಲಾಕ್‌ಡೌನಿನ ವಾರಗಳಲ್ಲಿ ಪಾಲು ಏರಿದ್ದರಲ್ಲಿ ವೃದ್ಧಿಯೆಷ್ಟು, ಭಾಜಕದ ಕುಗ್ಗುವಿಕೆಯೆಷ್ಟು ಎಂಬುದನ್ನು ಬಿಡಿಸಿ ನೋಡದ ಓದು ಅಪಕ್ವವಾದುದು.

ಮುಂದಿನ ಸಂಗತಿಗಳೇ ಇದನ್ನು ಸ್ಥಿರಪಡಿಸಿದವು. 2020ರಲ್ಲಿ ವಿದ್ಯುತ್ತಿನ ಬೇಡಿಕೆಯು ಶೇಕಡ 5ರಷ್ಟು ಇಳಿಯುವುದೆಂದು ವರದಿಯ ಎಣಿಕೆ. ವರ್ಷದ ಉತ್ತರಾರ್ಧದಲ್ಲಿ ಬಳಕೆಯು ಚೇತರಿಸಿಕೊಂಡು, ಚೀನದಲ್ಲಿ ಅದು ಬೆಳೆದೇ ಬಂದುದರಿಂದ, ಇಳಿದುದು ಸುಮಾರು ಶೇಕಡ 1 ಮಾತ್ರ. 2021ರಲ್ಲಿ ಬೇಡಿಕೆಯು ಸುಮಾರು ಶೇಕಡ 6ರಷ್ಟು ಹೆಚ್ಚಿತು; ಕಲ್ಲಿದ್ದಲಿನ ವಿದ್ಯುತ್ತು ಶೇಕಡ 9ರಷ್ಟು ಏರಿ ಅದುವರೆಗಿನ ಅತ್ಯುಚ್ಚ ಮಟ್ಟವನ್ನು ಮುಟ್ಟಿತು; ಇಂಧನದಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡು ಸುಮಾರು 3,630 ಕೋಟಿ ಟನ್ನುಗಳಿಗೆ ಏರಿತು. ಭಾನುವಾರವು ಎಷ್ಟು ನೀಳವಾದರೂ ಸೋಮವಾರವು ತಪ್ಪದು. ಉಪಮೆಯಲ್ಲಿ ಈ ಅರ್ಥವು ಮೊದಲೇ ಅಡಗಿದ್ದಿತು.

ವರದಿಗೆ ನ್ಯಾಯವಾಗಿ ಹೇಳಬೇಕಾದರೆ, ಹೊಸ ಬಂಡವಾಳವು ಶುದ್ಧ ಇಂಧನದ ಕಡೆಗೆ ಹರಿಯದಿದ್ದಲ್ಲಿ ಮರುಏರಿಕೆಯು ಇಳಿತವನ್ನೂ ಮೀರೀತೆಂಬ ಎಚ್ಚರಿಕೆಯು ಅದರಲ್ಲಿಯೇ ಇದೆ. ಕೊರತೆಯಿರುವುದು ಆ ಎಚ್ಚರಿಕೆಯನ್ನೂ ಉಪಮೆಯನ್ನೂ ಕೂಡಿಸಿ ವಿವರಿಸದಿರುವುದರಲ್ಲಿ. ಕನ್ನಡದ ವ್ಯಾಕರಣವು ಇಲ್ಲಿ ಉಪಕಾರಕ್ಕೆ ಬರುವುದು. ‘ಇಳಿ’ ಎಂಬುದು ಅಕರ್ಮಕ, ‘ಇಳಿಸು’ ಎಂಬುದು ಸಕರ್ಮಕ. 2020ರಲ್ಲಿ ಹೊಗೆಯು ಬಹುಮಟ್ಟಿಗೆ ತಾನಾಗಿ ಇಳಿಯಿತು; ಅದನ್ನು ಇಳಿಸಿದ ಕರ್ತೃವೊಬ್ಬನಿರಲಿಲ್ಲ. ಪರಿವರ್ತನೆಯೆಂಬ ಮಾತನ್ನು ಎರಡನೆಯ ಕ್ರಿಯೆಗೇ ಮೀಸಲಾಗಿಡುವುದು ಯುಕ್ತ.