ಸಿಪಾಯಿಯ ಬಾಯಿ, ಲೇಖಕಿಯ ಕೈ

1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ವರ್ಷ, ಕೆನಡಾದಲ್ಲಿ ಒಂದು ಪುಸ್ತಕ ಹೊರಬಂತು. ಹೆಸರು ‘ತ್ರೀ ಟೈಮ್ಸ್ ಅಂಡ್ ಔಟ್’. ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದು, ಎರಡು ಸಲ ತಪ್ಪಿಸಿಕೊಂಡು ಸಿಕ್ಕಿಬಿದ್ದು, ಮೂರನೆಯ ಸಲ ಗಡಿ ದಾಟಿದ ಒಬ್ಬ ಸಾಮಾನ್ಯ ಸಿಪಾಯಿಯ ಕಥೆ ಅದು. ಆಟದ ಮೈದಾನದಲ್ಲಿ ‘ಔಟ್’ ಎಂದರೆ ಸೋಲು. ಇಲ್ಲಿ ‘ಔಟ್’ ಎಂದರೆ ಬೇಲಿಯ ಹೊರಗೆ, ಬಿಡುಗಡೆ. ಪುಸ್ತಕದ ಹೆಸರಿನ ಚಮತ್ಕಾರ ಇಷ್ಟು. ಆದರೆ ಓದುಗನನ್ನು ನಿಲ್ಲಿಸಬೇಕಾದದ್ದು ಅದರ ಕೆಳಗಿನ ಸಾಲು: ಹೇಳಿದವನು ಪ್ರೈವೇಟ್ ಸಿಮನ್ಸ್, ಬರೆದವರು ನೆಲ್ಲಿ ಮೆಕ್ಲಂಗ್.

ಕನ್ನಡದಲ್ಲಿ ನಮಗೆ ಇದು ಹೊಸದಲ್ಲ. ರಂಗಕಲಾವಿದರ, ಹೋರಾಟಗಾರರ ಎಷ್ಟೋ ಆತ್ಮಕಥೆಗಳ ಮೇಲೆ ‘ನಿರೂಪಣೆ’ ಎಂಬ ಪದದ ಪಕ್ಕದಲ್ಲಿ ಇನ್ನೊಬ್ಬರ ಹೆಸರು ಇರುತ್ತದೆ. ಆ ಹೆಸರನ್ನು ದಾಟಿ ಒಳಗೆ ಹೋಗುತ್ತೇವೆ, ಮುಂದೆ ಬರುವ ‘ನಾನು’ ಎಂಬುದನ್ನೆಲ್ಲ ಹೇಳಿದವರದ್ದೇ ಎಂದು ನಂಬುತ್ತೇವೆ. ಈ ಪುಸ್ತಕ ಓದುವಾಗ ಆ ನಂಬಿಕೆ ಸಾಕಾಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಕಥೆ. ಮರ್ವಿನ್ ಸಿಮನ್ಸ್ ಬ್ರಿಟಿಷ್ ಕೊಲಂಬಿಯಾದಿಂದ ಹೊರಟ 7ನೆಯ ಬೆಟಾಲಿಯನ್ನಿನ ಸಿಪಾಯಿ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ಪಕ್ಕದ ಫ್ರೆಂಚ್ ಸಾಲು ಮುರಿಯಿತು. ತೆರೆದ ಜಾಗವನ್ನು ಹಿಡಿದು ನಿಂತದ್ದು ಯುದ್ಧಕ್ಕೆ ಹೊಸಬರಾದ ಕೆನಡಿಯನ್ನರು. ಎರಡು ದಿನಗಳ ನಂತರ ಅನಿಲ ಅವರ ಮೇಲೂ ಬಂತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಅವರು ಕಳೆದುಕೊಂಡದ್ದು ಸುಮಾರು 6,000 ಮಂದಿಯನ್ನು. ಗಾಯಗೊಂಡು ಸೆರೆಯಾದವರಲ್ಲಿ ಸಿಮನ್ಸ್ ಒಬ್ಬ. ಗೀಸೆನ್ ಶಿಬಿರದಿಂದ ಅವನು ಮೊದಲ ಸಲ ಓಡಿದ್ದು ಸ್ವಿಟ್ಜರ್ಲೆಂಡಿನ ಕಡೆಗೆ. ನೇರ ಅಳತೆಯಲ್ಲೇ ಸುಮಾರು 300 ಕಿಲೋಮೀಟರ್ ದೂರ, ಹಿಡಿದು ತಂದರು. ಶಿಕ್ಷೆಯ ಬರಾಕು, ಬೇರೆ ಶಿಬಿರ. ಎರಡನೆಯ ಸಲ ಹಾಲೆಂಡಿನ ಕಡೆಗೆ. ಮತ್ತೆ ಹಿಡಿದರು, ಓಲ್ಡನ್‌ಬುರ್ಗಿನ ಕೋಣೆಗಳಿಗೆ ತಳ್ಳಿದರು. ಮೂರನೆಯ ಸಲ, ಹದಿನಾರು ತಿಂಗಳ ಸೆರೆಯ ಕೊನೆಗೆ, ಹಾಲೆಂಡ್ ಮುಟ್ಟಿದ.

ಊರಿಗೆ ಮರಳಿದ ಸಿಮನ್ಸ್ ಒಂದು ದಿನ ಎಡ್ಮಂಟನ್ನಿನಲ್ಲಿ ಮೆಕ್ಲಂಗ್ ಅವರನ್ನು ಕಾಣಲು ಹೋದ. ಅದನ್ನು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ: ತನ್ನದೊಂದು ಕಥೆಯಿದೆ, ಬರೆದುಕೊಡಿ ಎಂದು ಅಪರಿಚಿತ ಯುವಕನೊಬ್ಬ ಕೇಳಿದ, ನಾನು ನನ್ನದೇ ಬರವಣಿಗೆಯಲ್ಲಿದ್ದೇನೆ, ಬೇರೆ ಯಾರನ್ನಾದರೂ ಹುಡುಕಿಕೊಡುತ್ತೇನೆ ಎಂದು ಅವರು ಹೇಳಿದರು, ಅವನು ಯುದ್ಧದಿಂದ ಮರಳಿದವನು, ಜರ್ಮನಿಯ ಸೆರೆಯಿಂದ ತಪ್ಪಿಸಿಕೊಂಡು ಬಂದವನು ಎಂದು ತಿಳಿದ ಕೂಡಲೇ ಮನಸ್ಸು ಬದಲಾಯಿತು. ಪುಸ್ತಕದ ಕೀಲಿಕೈ ಈ ಚಿಕ್ಕ ಪ್ರಸಂಗದಲ್ಲಿದೆ. ಅವರು ಒಪ್ಪಿದ್ದು ಕಥೆ ಚೆನ್ನಾಗಿದೆ ಎಂದಲ್ಲ, ಎದುರಿಗೆ ಕೂತವನು ಸೈನಿಕ ಎಂದು.

ಏಕೆ ಎಂದು ಕೇಳಿದರೆ ಮೆಕ್ಲಂಗ್ ಯಾರೆಂದು ನೋಡಬೇಕು. 1908ರಲ್ಲೇ ಜನಪ್ರಿಯ ಕಾದಂಬರಿ ಬರೆದವರು, ವೇದಿಕೆ ಹತ್ತಿದರೆ ಸಭೆಯನ್ನು ನಗಿಸಿ ಗೆಲ್ಲುತ್ತಿದ್ದವರು, 1916ರಲ್ಲಿ ಮ್ಯಾನಿಟೋಬಾದ ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕ ಹೋರಾಟದ ಮುಂದಾಳು. 1915ರ ‘ಇನ್ ಟೈಮ್ಸ್ ಲೈಕ್ ದೀಸ್’ ಪುಸ್ತಕದಲ್ಲಿ ಯುದ್ಧ ಗಂಡಸರ ಆಳ್ವಿಕೆಯ ಫಲ, ಅದರ ಬೆಲೆ ತೆರುವವರು ಹೆಂಗಸರು ಎಂದು ಕಟುವಾಗಿ ಬರೆದಿದ್ದರು. ಅದೇ ವರ್ಷದ ಕೊನೆಗೆ ಅವರ ಹಿರಿಯ ಮಗ ಸೈನ್ಯ ಸೇರಿದ. 1917ರ ‘ದಿ ನೆಕ್ಸ್ಟ್ ಆಫ್ ಕಿನ್’ ಪುಸ್ತಕದ ಹೊತ್ತಿಗೆ ಯುದ್ಧವನ್ನು ಬೈಯುತ್ತಿದ್ದ ದನಿ, ಕಾಯುತ್ತಿರುವ ತಾಯಂದಿರ ದನಿಯಾಗಿತ್ತು. ಮಗ ರಣರಂಗದಲ್ಲಿರುವಾಗ, ಆ ಯುದ್ಧ ವ್ಯರ್ಥ ಎಂದು ಮನೆಯಲ್ಲಿ ಕೂತು ಬರೆಯುವುದು ಸುಲಭವಲ್ಲ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದವನು ಸಿಮನ್ಸ್.

ಹೀಗಾಗಿ ಈ ಪುಸ್ತಕದ ‘ನಾನು’ ಒಬ್ಬನಲ್ಲ. ಜರ್ಮನ್ ಜನರನ್ನು ಕೆಟ್ಟವರನ್ನಾಗಿಸಿದ್ದು ಅವರ ಆಳುವ ವ್ಯವಸ್ಥೆ, ಅವರಿಗೆ ಕಲಿಸಿದ ವಿಧೇಯತೆ ಎಂಬ ವಿವೇಚನೆ ಬಂದಾಗ ನನಗೆ ಕೇಳುವುದು ವೇದಿಕೆಯ ದನಿ. ಆ ಮಾತು ಸುಳ್ಳಲ್ಲ. ಯುದ್ಧಕಾಲದ ಎಷ್ಟೋ ಬರಹಗಳು ಶತ್ರುವಿನ ಇಡೀ ಕುಲವನ್ನು ರಾಕ್ಷಸರೆಂದಾಗ ಈ ಪುಸ್ತಕ ಅಷ್ಟರ ಮಟ್ಟಿಗೆ ನ್ಯಾಯ ಕಾಯ್ದುಕೊಂಡಿದೆ. ಆದರೆ ಅದು ಶಿಬಿರದಲ್ಲಿ ಹುಟ್ಟಿದ ಮಾತಲ್ಲ, ಬಹುಶಃ ಎಡ್ಮಂಟನ್ನಿನ ಮೇಜಿನ ಮೇಲೆ ಹುಟ್ಟಿದ್ದು.

ಓಟದ ಭಾಗಗಳಿಗೆ ಬಂದಾಗ ಗದ್ಯ ಬದಲಾಗುತ್ತದೆ. ಹಗಲು ಅಡಗುವುದು, ರಾತ್ರಿ ನಡೆಯುವುದು, ಒದ್ದೆ ನೆಲ, ಹಸಿವು, ದಾರಿ ತಪ್ಪದಂತೆ ಆಕಾಶ ನೋಡುವುದು. ಇಲ್ಲಿ ತೀರ್ಮಾನಗಳಿಲ್ಲ, ಕೆಲಸಗಳಿವೆ. ಆ ರಾತ್ರಿಗಳನ್ನು ನಡೆಯದವರಿಗೆ ಈ ಕ್ರಮದಲ್ಲಿ, ಇಷ್ಟು ಸಣ್ಣ ಸಂಗತಿಗಳಲ್ಲಿ ಅದನ್ನು ಕಟ್ಟಲು ಆಗುವುದಿಲ್ಲ. ಅಧ್ಯಾಯಗಳ ಹೆಸರಿನಲ್ಲೂ ಈ ಎರಡು ಕೈಗಳು ಕಾಣುತ್ತವೆ. ‘ನಕ್ಷತ್ರ ನೋಡಿ ನಡೆದದ್ದು’ ಎಂಬ ಅರ್ಥದ ಹೆಸರು ದಾರಿಯದ್ದು. ‘ಕಾಣದ ಸಹೋದರತ್ವ’ ಎಂಬ ಅರ್ಥದ ಹೆಸರು ನನ್ನ ಕಿವಿಗೆ ಭಾಷಣದ್ದು. ಪುಸ್ತಕ ನಂಬಿಕೆ ಗಳಿಸುವುದು ಮೊದಲನೆಯದರಿಂದ. ಆ ನಂಬಿಕೆಯನ್ನು ಎರಡನೆಯದು ಖರ್ಚು ಮಾಡುತ್ತದೆ.

ಇನ್ನೂ ದೊಡ್ಡ ಪ್ರಶ್ನೆ, ಸೆರೆಯ ಕಥೆಗಳಲ್ಲಿ ಯಾವುದು ಪುಸ್ತಕವಾಗುತ್ತದೆ ಎಂಬುದು. ಆ ಯುದ್ಧದಲ್ಲಿ ಸೆರೆಸಿಕ್ಕ ಕೆನಡಿಯನ್ನರು ಸುಮಾರು 3,800 ಮಂದಿ. ತಪ್ಪಿಸಿಕೊಂಡವರು ನೂರರ ಆಸುಪಾಸು. ಉಳಿದವರ ಅನುಭವ ಓಟವಲ್ಲ, ದುಡಿತ. ಅಧಿಕಾರಿಗಳಿಗೆ ಕೆಲಸದಿಂದ ವಿನಾಯಿತಿ ಇತ್ತು; ಸಿಪಾಯಿಗಳನ್ನು ಕಲ್ಲಿದ್ದಲು ಗಣಿಗಳಿಗೆ, ಉಪ್ಪಿನ ಗಣಿಗಳಿಗೆ, ಜೌಗು ಬಯಲಿನ ಅಗೆತಕ್ಕೆ ಕಳಿಸುತ್ತಿದ್ದರು. ಇತಿಹಾಸಕಾರ ಡೆಸ್ಮಂಡ್ ಮಾರ್ಟನ್ ಈ ಕೈದಿಗಳ ಬಗ್ಗೆ 1992ರಲ್ಲಿ ಬರೆದ ಪುಸ್ತಕಕ್ಕೆ ‘ಸೈಲೆಂಟ್ ಬ್ಯಾಟಲ್’ ಎಂದು ಹೆಸರಿಟ್ಟರು. ಆ ಮೌನಕ್ಕೆ ಒಂದು ಕಾರಣ ಓದುಗರೇ. ಶರಣಾದ ಸೈನಿಕನ ಕಥೆ ಕೇಳಲು ಮುಜುಗರ. ಅವನು ಓಡಿಬಂದರೆ ಮಾತ್ರ ಅವನು ಮತ್ತೆ ವೀರ. ಸಿಮನ್ಸನ ಕಥೆ ಓಟದಲ್ಲಿ ಮುಗಿಯದಿದ್ದರೆ ಅದಕ್ಕೊಂದು ಮುಖಪುಟ ಸಿಗುತ್ತಿತ್ತೇ ಎಂದು ಕೇಳಿಕೊಳ್ಳಬೇಕು.

ಅದೇ ವರ್ಷಗಳಲ್ಲಿ, ಅದೇ ಜರ್ಮನಿಯಲ್ಲಿ ಇನ್ನೊಂದು ಬಗೆಯ ‘ಹೇಳಿದ್ದು–ಬರೆದದ್ದು’ ನಡೆದಿತ್ತು. ಬರ್ಲಿನ್ ಸಮೀಪದ ವ್ಯುನ್ಸ್‌ಡೋರ್ಫ್ ಶಿಬಿರದಲ್ಲಿ ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳೂ ಕೈದಿಗಳಾಗಿದ್ದರು. ಜರ್ಮನ್ ವಿದ್ವಾಂಸರು ಭಾಷಾ ಅಧ್ಯಯನಕ್ಕೆಂದು ಅವರ ದನಿಗಳನ್ನು ತಟ್ಟೆಗಳಲ್ಲಿ ಮುದ್ರಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಮಲ್ ಸಿಂಗ್ ಎಂಬ ಸಿಪಾಯಿ ಪಂಜಾಬಿಯಲ್ಲಿ ಮಾತಾಡಿದ. ದನಿ ಅವನದೇ, ನಡುವೆ ಲೇಖಕರಿಲ್ಲ. ಆದರೂ ಅವನು ‘ನಾನು’ ಎಂದು ಶುರುಮಾಡಲಿಲ್ಲ. ಊರಿನಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯನಿದ್ದ, ಅವನು ಈ ಯುದ್ಧಕ್ಕೆ ಬಂದ, ಈಗ ಊರಿಗೆ ಹೋಗಬೇಕೆನ್ನುತ್ತಾನೆ ಎಂದು ಕಥೆ ಹೇಳುವವನಂತೆ ತನ್ನ ಪಾಡನ್ನೇ ಹೇಳಿದ. 2007ರಲ್ಲಿ ಫಿಲಿಪ್ ಶೆಫ್ನರ್ ತಮ್ಮ ‘ದಿ ಹಾಫ್‌ಮೂನ್ ಫೈಲ್ಸ್’ ಸಾಕ್ಷ್ಯಚಿತ್ರದಲ್ಲಿ ಆ ದನಿಯ ಬೆನ್ನು ಹಿಡಿದು ಹೋದರು.

ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಸಿಮನ್ಸನಿಗೆ ಬಲವಾದ ‘ನಾನು’ ಸಿಕ್ಕಿತು. ಆದರೆ ಅದು ಅರ್ಧ ಇನ್ನೊಬ್ಬರದ್ದು. ಮಲ್ ಸಿಂಗನಿಗೆ ಸ್ವಂತ ದನಿ ಉಳಿಯಿತು. ಆದರೆ ‘ನಾನು’ ಎನ್ನುವ ಧೈರ್ಯವನ್ನೋ ಅವಕಾಶವನ್ನೋ ಕಾವಲುಗಾರರ ಎದುರಿನ ಆ ಯಂತ್ರ ಕೊಡಲಿಲ್ಲ. ಒಬ್ಬನಿಗೆ ಮುನ್ನುಡಿ ಬರೆಯುವ ಲೇಖಕಿ ಸಿಕ್ಕರು; ಇನ್ನೊಬ್ಬನ ಮಾತು ವ್ಯಾಕರಣದ ಮಾದರಿಯಾಗಿ ಕಪಾಟು ಸೇರಿತು. ಸೆರೆಯಲ್ಲಿದ್ದವನ ‘ಶುದ್ಧ ದನಿ’ ಎಂಬುದು ಎಲ್ಲೋ ಇದೆ, ನಡುವಿನವರನ್ನು ತೆಗೆದರೆ ಅದು ಸಿಗುತ್ತದೆ ಎಂಬ ನಮ್ಮ ಆಸೆಯನ್ನು ಎರಡೂ ಸುಳ್ಳುಮಾಡುತ್ತವೆ.

ಹಾಗೆಂದು ಮೆಕ್ಲಂಗ್ ಅವರನ್ನು ಕಟಕಟೆಗೆ ತರಬೇಕಿಲ್ಲ. ಅವರು ತಮ್ಮ ಪಾತ್ರವನ್ನು ಬಚ್ಚಿಡಲಿಲ್ಲ. ಹೇಳಿದವನ ಹೆಸರು, ಬರೆದವರ ಹೆಸರು ಎರಡನ್ನೂ ಮುಖಪುಟದಲ್ಲಿಟ್ಟರು. ಹೆಸರು ಮರೆಮಾಚಿ ಬೇರೆಯವರ ಬದುಕು ಬರೆಯುವವರು ಈಗಲೂ ಇರುವಾಗ, ಇದು ಸಣ್ಣ ಪ್ರಾಮಾಣಿಕತೆಯಲ್ಲ. ಓದುವ ಹೊಣೆ ಮಾತ್ರ ನಮ್ಮದು. ಇಂಥ ಪುಸ್ತಕ ಕೈಗೆ ಬಂದಾಗ ‘ಇದು ನಿಜವೇ?’ ಎಂದು ಒಂದೇ ಸಲ ಕೇಳಿ ಮುಗಿಸುವ ಬದಲು, ‘ಈ ವಾಕ್ಯ ಯಾರದ್ದು?’ ಎಂದು ಮತ್ತೆ ಮತ್ತೆ ಕೇಳಬೇಕು. ಕಾಲು ನೋಯುವ ವಾಕ್ಯ ಯಾರದ್ದು, ದೇಶಕ್ಕೆ ಬುದ್ಧಿ ಹೇಳುವ ವಾಕ್ಯ ಯಾರದ್ದು ಎಂಬುದು ಸ್ವಲ್ಪ ತಾಳ್ಮೆಯಿಂದ ಓದಿದರೆ ಬಹಳ ಸಲ ಗೊತ್ತಾಗುತ್ತದೆ.

ಸಿಮನ್ಸ್ ಬಂದ ದಿನ ಮೆಕ್ಲಂಗ್ ತಮ್ಮ ಮೊದಲ ಮಾತಿಗೇ ಅಂಟಿಕೊಂಡು ಅವನನ್ನು ಬೇರೆ ಯಾರ ಬಳಿಗೋ ಕಳಿಸಿದ್ದರೆ, ಆ ಕಥೆ ಬಹುಶಃ ಅವನ ಮನೆಯ ಮಾತಾಗಿ ಉಳಿದು, ಉಳಿದ ಮೂರು ಸಾವಿರ ಚಿಲ್ಲರೆ ಮಂದಿಯ ಮೌನದೊಳಗೆ ಸೇರಿಹೋಗುತ್ತಿತ್ತು. ಇಬ್ಬರ ದನಿ ಬೆರೆತ ಪುಸ್ತಕವಾದರೂ ನಮ್ಮ ಕೈಗೆ ಬಂದಿದೆ. ಬೆರೆತಿದೆ ಎಂಬುದನ್ನು ಮರೆಯದೆ ಅದನ್ನು ಓದೋಣ.