ನೆನಪು ತೋರಿಸುವ ಯಂತ್ರ ಮತ್ತು ಅಟ್ಟದ ಕಾಯಿ

ಹೇಮಂತ್ ಎಂ. ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರವನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದೆ. ಅನಂತನಾಗ್ ಅಭಿನಯಿಸಿರುವ ವೆಂಕೋಬ ರಾವ್ ಆಲ್‌ಝೈಮರ್ ರೋಗಿ. ಆರೈಕೆ ಕೇಂದ್ರದಿಂದ ಹೊರಗೆ ಕರೆದುಕೊಂಡು ಹೋದ ಮಗನ ಕೈತಪ್ಪಿ ಕಾಣೆಯಾಗುತ್ತಾರೆ. ಆ ಮಗನಿಗಿಂತ ಅವರ ಬದುಕನ್ನು ಹೆಚ್ಚು ಬಲ್ಲವಳು ಕೇಂದ್ರದ ವೈದ್ಯೆ ಸಹನಾ. ಕೂತು ಕೇಳಿಸಿಕೊಂಡವಳು ಅವಳೇ. ಪಾತಕಿಗಳ ಕಥೆ ಹೆಚ್ಚು ಜಾಗ ತಿಂದು, ಕೇಂದ್ರದೊಳಗಿನ ದಿನಚರಿಗೆ ಚಿತ್ರದಲ್ಲಿ ಅವಕಾಶ ಕಡಿಮೆಯಾಯಿತು ಎಂಬುದು ನನ್ನ ತಕರಾರು.

ಆ ದಿನಚರಿಗೆ ಈಗ ಹೊಸದೊಂದು ಸೇರಿದೆ. ಹಲವು ದೇಶಗಳ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಮರೆವಿನ ಕಾಯಿಲೆಯವರ ಕಣ್ಣಿಗೆ 'ವರ್ಚುವಲ್ ರಿಯಾಲಿಟಿ' ಸಾಧನ ಕಟ್ಟುತ್ತಾರೆ. ತಲೆ ತಿರುಗಿಸಿದತ್ತ ದೃಶ್ಯವೂ ತಿರುಗುತ್ತದೆ: ಕಡಲತೀರ, ಕಾಡು, ಹಳೆಯ ಬೀದಿ. ಹೊಸ ನೆನಪು ಅಳಿಸಿದರೂ ಹಳೆಯದು ಬಹುಕಾಲ ಉಳಿಯುತ್ತದೆ, ಅದನ್ನು ಮೀಟಿದರೆ ಮಾತು ಹೊರಡುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಇದರಿಂದ ರೋಗ ವಾಸಿಯಾಗದು. ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರು ಹೆದರುತ್ತಾರೆ. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ನಾಳೆ ಈ ಯಂತ್ರ ನಮ್ಮಲ್ಲಿಗೂ ಬಂದರೆ, ಅದರೊಳಗಿನ ಬೀದಿ ಯಾರದ್ದಾಗಿರುತ್ತದೆ?

ತುರುವೇಕೆರೆ ತಾಲ್ಲೂಕಿನ ನಮ್ಮ ದಂಡಿನಶಿವರದ ಕಡೆ ಬಲಿತ ತೆಂಗಿನಕಾಯಿಯನ್ನು ಸುಲಿಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಾಗ ಕೊಬ್ಬರಿ. ಆಮೇಲೆ ಅದು ತಿಪಟೂರು ಮಾರುಕಟ್ಟೆಗೆ. ನನ್ನ ಖಾಲಾಗೆ ಕೊನೆಯ ವರ್ಷಗಳಲ್ಲಿ ಮಕ್ಕಳ ಹೆಸರೂ ಮರೆತಿತ್ತು. ಕಲಿತ ಕನ್ನಡ ಜಾರಿಹೋಗಿ ಮನೆಮಾತು ಉರ್ದು ಮಾತ್ರ ಉಳಿದಿತ್ತು. ಒಂದು ದಿನ ಅಟ್ಟದಿಂದ ಇಳಿಸಿದ ಕಾಯಿಯೊಂದನ್ನು ಅವರ ಕೈಗಿತ್ತೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. "ಅಬೀ ನೈಂ ಹುವಾ, ರಖ್ ದೇ" ಎಂದರು. ಇನ್ನೂ ಆಗಿಲ್ಲ, ಇಟ್ಟುಬಿಡು. ಒಡೆದು ನೋಡಿದೆ, ಒಳಗೆ ನೀರಿತ್ತು. ಮರುಕ್ಷಣ ನನ್ನನ್ನು ನೀನ್ಯಾರು ಎಂದು ಕೇಳಿದರು.

ಆ ಕಾಯಿಯ ತೂಕವನ್ನು, ಅಟ್ಟದ ವಾಸನೆಯನ್ನು ಕಣ್ಣಿಗೆ ಕಟ್ಟಿದ ಯಂತ್ರ ಕೊಡಲಾರದು. ಹಾಗೆಂದು ಅದು ಬೇಡವೆನ್ನಲಾರೆ. ಹಾಸಿಗೆ ಹಿಡಿದವರಿಗೆ ಊರ ಕೆರೆ, ತೋಟ, ಮಸೀದಿ ಬೀದಿಯನ್ನು ಚಿತ್ರಿಸಿ ತೋರಿಸಿದರೆ ಒಳ್ಳೆಯದೇ. ಆದರೆ ನೋಡುತ್ತಿರುವಾಗ ಪಕ್ಕದಲ್ಲಿ ಕೂತು, ಅವರ ಭಾಷೆಯಲ್ಲಿ "ಇದು ಯಾವ ಬೀದಿ?" ಎಂದು ಕೇಳುವವರು ಬೇಕು. ಅವರಿಲ್ಲದಿದ್ದರೆ ಯಂತ್ರ ಮುದುಕರನ್ನು ಸುಮ್ಮನೆ ಕೂರಿಸುವ ಉಪಾಯವಾದೀತು.

ವೆಂಕೋಬ ರಾವ್ ಪಾಲಿಗೆ ಸಹನಾ ಇದ್ದಳು. ಯಂತ್ರ ಕೊಳ್ಳುವ ಕೇಂದ್ರಗಳು ರೋಗಿಯ ಪಕ್ಕದ ಕುರ್ಚಿಗೆ ಯಾರನ್ನು ನೇಮಿಸುತ್ತವೆ, ಅವರಿಗೆ ಎಷ್ಟು ಸಂಬಳ ಕೊಡುತ್ತವೆ ಎಂದು ನಾವು ಮೊದಲು ಕೇಳಬೇಕು.