ಆನ್‌ಲೈನ್ ಪಾಠ: ರಚನೆ ಮತ್ತು ನಿರ್ವಹಣೆ

ಕಾಲೇಜಿನ ಪಾಠವು ಕೊಠಡಿಯನ್ನು ಬಿಟ್ಟು ಅಂತರ್ಜಾಲವನ್ನು ಸೇರಿದ ಮೇಲೆ ಅದರ ಗುಣದೋಷಗಳನ್ನು ಕುರಿತು ನಡೆದಿರುವ ಚರ್ಚೆಯು ಅಲ್ಪವಲ್ಲ. ಆದರೆ ಆ ಚರ್ಚೆಯ ಬಹುಭಾಗವು ಉಪಕರಣಗಳಿಗೆ ಸಂಬಂಧಿಸಿದುದಾಗಿದೆ. ಚಿತ್ರವು ನಿರ್ಮಲವಾಗಿದೆಯೆ, ಧ್ವನಿಯು ಸ್ಪಷ್ಟವಾಗಿದೆಯೆ, ಹೆಸರನ್ನು ನೋಂದಾಯಿಸಿದವರು ಎಷ್ಟು ಮಂದಿ ಎಂಬೀ ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಪರೀಕ್ಷೆಯು ಮುಗಿಯಿತೆಂದು ಭಾವಿಸುವುದು ವಾಡಿಕೆಯಾಗಿದೆ. ಕಾವ್ಯವೊಂದನ್ನು ವಿಮರ್ಶಿಸಲು ಹೊರಟವನು ಕಾಗದ, ಅಚ್ಚು, ರಟ್ಟುಗಳನ್ನು ಪರೀಕ್ಷಿಸಿ ಅಲ್ಲಿಗೇ ನಿಂತರೆ ಅದನ್ನು ಯಾರೂ ವಿಮರ್ಶೆಯೆಂದು ಕರೆಯಲಾರರು. ಆನ್‌ಲೈನ್ ಪಾಠವೂ ಒಂದು ಕೃತಿಯೇ. ಕೃತಿಗೆ ಸಲ್ಲಬೇಕಾದ ವಿಚಾರಣೆ ಅದಕ್ಕೂ ಸಲ್ಲಬೇಕು.

ಈ ಕೃತಿಗೆ ಎರಡು ಅಂಗಗಳುಂಟು. ಪಾಠವು ಆರಂಭವಾಗುವುದಕ್ಕೆ ಮೊದಲೇ ಅಧ್ಯಾಪಕನು ಸಿದ್ಧಗೊಳಿಸಿಡುವ ಉಪನ್ಯಾಸ, ಓದುಬರಹ, ಅಭ್ಯಾಸ, ಪರೀಕ್ಷೆಗಳೆಲ್ಲವೂ ರಚನೆ. ಆರಂಭವಾದ ಮೇಲೆ ವಾರವಾರವೂ ಆತನು ವಿದ್ಯಾರ್ಥಿಗಳೊಡನೆ ನಡಸುವ ವ್ಯವಹಾರವು ನಿರ್ವಹಣೆ. ರಚನೆಯು ಉಳಿಯತಕ್ಕದ್ದು, ನಕಲಾಗತಕ್ಕದ್ದು, ಸಾವಿರ ಮಂದಿಗೆ ಒಂದೇ ರೂಪದಲ್ಲಿ ಸಲ್ಲತಕ್ಕದ್ದು. ನಿರ್ವಹಣೆಯಾದರೋ ಒಬ್ಬ ವಿದ್ಯಾರ್ಥಿಗೆ ಒಂದು ಸಮಯದಲ್ಲಿ ಸಲ್ಲತಕ್ಕದ್ದು. ಮೊದಲನೆಯದು ಕಣ್ಣಿಗೆ ಕಾಣುವುದರಿಂದ ಪ್ರಶಂಸೆಯೂ ಹಣವೂ ಅದಕ್ಕೇ ಹೋಗುತ್ತಿವೆ. ಆದರೆ ಸಿದ್ಧವಸ್ತುವು ಪಾಠವಾಗಿ ಪರಿಣಮಿಸುವುದು ಎರಡನೆಯದರಿಂದಲೇ ಎಂಬುದು ದೂರಶಿಕ್ಷಣದ ಚರಿತ್ರೆಯಿಂದ ವ್ಯಕ್ತವಾಗುತ್ತದೆ.

೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಪೆನ್ನಿ ಅಂಚೆಯು ಆಚರಣೆಗೆ ಬಂದಾಗ ಐಸಾಕ್ ಪಿಟ್‌ಮನ್ ಎಂಬಾತನು ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಲು ತೊಡಗಿದನು. ಅವನ ಪದ್ಧತಿಯ ಜೀವಾಳವಿದ್ದುದು ಕಳುಹಿಸಿದ ಪಾಠದಲ್ಲಲ್ಲ. ವಿದ್ಯಾರ್ಥಿಯು ಬರೆದುದು ಗುರುವಿಗೆ ತಲಪಿ, ತಿದ್ದುಪಡಿಯೊಡನೆ ಮರಳಿ ಬರುತ್ತಿದ್ದಿತು; ಲಿಪಿಯ ಪುಸ್ತಕವನ್ನು ಕೊಳ್ಳುವುದಕ್ಕೂ ಲಿಪಿಯನ್ನು ಕಲಿಯುವುದಕ್ಕೂ ಇದ್ದ ಅಂತರ ಈ ಮರಳಿ ಬಂದ ಕಾಗದವೇ. ಕನ್ನಡ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಂಚೆಯ ಪಾಠದಲ್ಲಿಯೂ ಅಚ್ಚಾದ ಪಾಠಗಳು ರಚನೆ. ತಿದ್ದಿದ ಉತ್ತರಗಳೂ ಸಂಪರ್ಕ ತರಗತಿಗಳೂ ನಿರ್ವಹಣೆ. ಅಂತರ್ಜಾಲವು ಕಾಗದವು ಹೋಗಿಬರುವ ಕಾಲವನ್ನು ಕಡಮೆ ಮಾಡಿತೇ ಹೊರತು ಹೋಗಿಬರಬೇಕಾದ ಅವಶ್ಯಕತೆಯನ್ನು ಕಡಮೆ ಮಾಡಲಿಲ್ಲ.

ಈ ಭೇದವನ್ನು ಸ್ಪಷ್ಟವಾಗಿ ತಿಳಿದುಕೊಂಡ ಸಂಸ್ಥೆಗಳೂ ಉಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಎಲ್ಲರಿಗೂ ಧರ್ಮಾರ್ಥವಾಗಿ ತೆರೆದಿಡುವೆನೆಂದು ೨೦೦೧ರಲ್ಲಿ ಸಾರಿತು. ಆದರೆ ಸಾಮಗ್ರಿಯನ್ನು ಪಡೆದವರಿಗೆ ಪದವಿಯೂ ಇಲ್ಲ, ಅಧ್ಯಾಪಕರ ಸಂಪರ್ಕವೂ ಇಲ್ಲ. ರಚನೆಯನ್ನು ದಾನ ಮಾಡಿದರೂ ಶಿಕ್ಷಣವು ತನ್ನಲ್ಲಿಯೇ ಉಳಿದಿದೆ ಎಂಬ ಅರಿವು ಆ ದಾನದಲ್ಲಿಯೇ ಅಡಗಿದೆ. ೨೦೧೧ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಎಂಬವರು ಕೃತಕ ಬುದ್ಧಿಮತ್ತೆಯನ್ನು ಕುರಿತು ನಡಸಿದ ಬಹಿರಂಗ ಪಾಠಕ್ಕೆ ಸುಮಾರು ೧,೬೦,೦೦೦ ಮಂದಿ ಸೇರಿದರು. ಕೊನೆಯವರೆಗೆ ಉಳಿದು ಮುಗಿಸಿದವರು ೨೦,೦೦೦ಕ್ಕೆ ತುಸು ಮೇಲ್ಪಟ್ಟವರು. ಇಪ್ಪತ್ತು ಸಾವಿರವೂ ದೊಡ್ಡ ಸಂಖ್ಯೆಯೇ ಸರಿ. ಆದರೆ ಮೊದಲನೆಯ ಸಂಖ್ಯೆಯನ್ನು ಡಂಗುರ ಸಾರಿ ಎರಡನೆಯದನ್ನು ಅಡಿಟಿಪ್ಪಣಿಗೆ ಇಳಿಸುವುದು ನ್ಯಾಯವಾದ ಲೆಕ್ಕವಲ್ಲ.

ಭಾರತ ಸರ್ಕಾರದ ‘ಸ್ವಯಂ’ ವೇದಿಕೆಯು ೨೦೧೭ರ ಜುಲೈ ೯ರಂದು ಆರಂಭವಾಯಿತು. ಇದರ ಪಾಠಕ್ಕೆ ನಾಲ್ಕು ಪಾದಗಳನ್ನು ವಿಧಿಸಲಾಗಿದೆ: ದೃಶ್ಯೋಪನ್ಯಾಸ, ಓದುವ ಸಾಮಗ್ರಿ, ಸ್ವಪರೀಕ್ಷೆ, ಸಂದೇಹ ಪರಿಹಾರಕ್ಕಾಗಿ ಚರ್ಚಾವೇದಿಕೆ. ಪ್ರಾಚೀನರೂ ವಿದ್ಯೆಗೆ ನಾಲ್ಕು ಪಾದಗಳನ್ನು ಹೇಳಿದ್ದುಂಟು. ಅವರು ಗುರುವಿಗೆ ಒಂದು ಪಾದವನ್ನು ಮಾತ್ರ ಕೊಟ್ಟು, ಉಳಿದ ಮೂರನ್ನು ಶಿಷ್ಯನ ಬುದ್ಧಿ, ಸಹಪಾಠಿಗಳು, ಕಾಲ ಇವುಗಳಿಗೆ ಹಂಚಿದರು. ಎರಡು ವಿಭಾಗಗಳನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸವು ತಾನಾಗಿ ತೋರುತ್ತದೆ. ಹೊಸ ವಿಭಾಗದ ಮೊದಲ ಮೂರು ಪಾದಗಳು ಮೊದಲೇ ಕಟ್ಟಿಡಬಹುದಾದ ವಸ್ತುಗಳು; ಹಳೆಯ ವಿಭಾಗದ ಪಾದಗಳಾದರೋ ನಡೆಯತಕ್ಕ ಕ್ರಿಯೆಗಳು. ಹೊಸದರಲ್ಲಿ ಕ್ರಿಯೆಗೆ ಎಡೆಯಿರುವುದು ಮುಖ್ಯವಾಗಿ ಚರ್ಚೆಯೆಂಬ ನಾಲ್ಕನೆಯ ಪಾದದಲ್ಲಿ. ಕಟ್ಟಿಡಲು ಬಾರದ ಆ ಪಾದವೇ ಮೊದಲು ಕುಂಟತೊಡಗುವುದೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೀಗೆಂದ ಮಾತ್ರಕ್ಕೆ ರಚನೆಯನ್ನು ಹಗುರವಾಗಿ ಕಾಣಬಾರದು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಕಾಲೇಜುಗಳು ಮುಚ್ಚಿದಾಗ ನಡೆದುದು ರಚನೆಯಿಲ್ಲದ ಪಾಠ. ಅದನ್ನು ಕೆಲವು ವಿದ್ವಾಂಸರು ಆಗಲೇ ‘ತುರ್ತಿನ ದೂರಬೋಧನೆ’ ಎಂದು ಬೇರೆ ಹೆಸರಿಟ್ಟು ಕರೆದು, ಯೋಚಿಸಿ ಕಟ್ಟಿದ ಆನ್‌ಲೈನ್ ಪಾಠದೊಡನೆ ಅದನ್ನು ಬೆರಸಬಾರದೆಂದು ಎಚ್ಚರಿಸಿದರು. ಗಂಟೆಯ ಉಪನ್ಯಾಸವನ್ನು ಕ್ಯಾಮರಾದ ಮುಂದೆ ಮಾಡಿದ ಮಾತ್ರಕ್ಕೆ ಆನ್‌ಲೈನ್ ಪಾಠವಾಗದು.

ಸುರಚಿತ ಪಾಠದ ಲಕ್ಷಣವು ಅದರ ಮೊದಲನೆಯ ಪುಟದಲ್ಲಿಯೇ ತಿಳಿಯುತ್ತದೆ. ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸುತ್ತಿದ್ದರು. ಇದು ಕೇವಲ ಸಂಪ್ರದಾಯವಲ್ಲ. ಗ್ರಂಥಕರ್ತನು ಎದುರಿಗಿಲ್ಲದಾಗ ಓದುಗನಿಗೆ ಏಳುವ ನಾಲ್ಕು ಪ್ರಶ್ನೆಗಳಿಗೆ ಮುಂದಾಗಿಯೇ ಕೊಟ್ಟ ಉತ್ತರ. ಆನ್‌ಲೈನ್ ವಿದ್ಯಾರ್ಥಿಯೂ ಅಂತಹ ಓದುಗನೇ. ಈ ಪಾಠಕ್ಕೆ ಎಷ್ಟು ಪೂರ್ವಜ್ಞಾನ ಬೇಕು, ಯಾವುದನ್ನು ಕಲಿಸಲಾಗುವುದು, ಯಾವ ವಾರದ ಅಭ್ಯಾಸವು ಯಾವ ಉದ್ದೇಶಕ್ಕೆ ಸಂಬಂಧಿಸಿದೆ, ಕೊನೆಯಲ್ಲಿ ಏನು ಮಾಡಲು ಶಕ್ತಿ ಬರುವುದು ಎಂಬ ನಾಲ್ಕನ್ನೂ ಹೇಳಬೇಕು. ಇವುಗಳೊಡನೆ ಉತ್ತರಗಳಿಗೆ ಗಡುವು ಯಾವುದು, ಸಂದೇಹಕ್ಕೆ ಎಷ್ಟು ದಿನದೊಳಗೆ ಸಮಾಧಾನ ದೊರೆಯುವುದು ಎಂಬುದನ್ನೂ ಸೇರಿಸಿದರೆ ಪುಟವು ಸಂಪೂರ್ಣವಾಗುತ್ತದೆ. ಕೊಠಡಿಯಲ್ಲಿ ಒಂದು ಮಾತಿನಿಂದ ತೀರುವ ಗೊಂದಲವು ಇಲ್ಲಿ ಒಂದು ವಾರವನ್ನೇ ನುಂಗೀತು.

ಉಪನ್ಯಾಸದ ದೈರ್ಘ್ಯವನ್ನು ಕುರಿತು ಆಧಾರವಿರುವ ಒಂದು ಅಧ್ಯಯನವುಂಟು. ಗುವೋ, ಕಿಮ್, ರೂಬಿನ್ ಎಂಬ ಮೂವರು ‘ಎಡ್‌ಎಕ್ಸ್’ ವೇದಿಕೆಯ ನಾಲ್ಕು ಪಾಠಕ್ರಮಗಳಲ್ಲಿ ದೃಶ್ಯಪಾಠಗಳನ್ನು ನೋಡಿದ ೬೯ ಲಕ್ಷ ಸಂದರ್ಭಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ನಿಮಿಷದೊಳಗಿನ ಪಾಠಗಳನ್ನೇ ವಿದ್ಯಾರ್ಥಿಗಳು ಹೆಚ್ಚು ನೋಡುತ್ತಾರೆಂದೂ, ಬಹುವ್ಯಯದ ಚಿತ್ರೀಕರಣಕ್ಕಿಂತ ಅಧ್ಯಾಪಕನು ಆಪ್ತವಾಗಿ ಮಾತನಾಡುವುದೇ ಹೆಚ್ಚು ಹಿಡಿಸಬಹುದೆಂದೂ ಅವರು ಕಂಡರು. ಇದು ಉಪಯುಕ್ತವಾದ ಸೂಚನೆ. ಆದರೆ ನೋಡಿದ ಕಾಲವು ಒಂದು, ತಿಳಿದ ಅರ್ಥವು ಮತ್ತೊಂದು. ಹಳಗನ್ನಡದ ಸಂದರ್ಭವೊಂದನ್ನು ಆರು ನಿಮಿಷಕ್ಕೆ ಹೊಂದಿಸಲೆಂದು ಪದ್ಯದ ನಡುವೆ ಕತ್ತರಿಸಿದರೆ ಅನ್ವಯವೂ ಕೆಡುವುದು, ರಸವೂ ಕೆಡುವುದು. ಸೂಚನೆಯು ಅಧ್ಯಾಪಕನ ವಿವೇಕಕ್ಕೆ ಸಹಾಯವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು.

ಯಂತ್ರಕ್ಕೂ ಅಧ್ಯಾಪಕನಿಗೂ ಇರುವ ಕಾರ್ಯವಿಭಾಗವನ್ನು ಹಳಗನ್ನಡದ ಪಾಠದಿಂದಲೇ ವಿಶದಪಡಿಸಬಹುದು. ಕಂದಪದ್ಯದ ಮೊದಲನೆಯ ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳೂ ಎರಡನೆಯ ನಾಲ್ಕನೆಯ ಪಾದಗಳಲ್ಲಿ ಐದು ಗಣಗಳೂ ಬರುತ್ತವೆ. ಲಘುಗುರುಗಳನ್ನು ಗುರುತಿಸಿ ಗಣ ವಿಭಾಗ ಮಾಡುವ ಅಭ್ಯಾಸವನ್ನು ಯಂತ್ರವು ಬೇಸರವಿಲ್ಲದೆ ನೂರು ಸಲ ತಿದ್ದಬಲ್ಲದು; ಆ ಕೆಲಸವನ್ನು ಅದಕ್ಕೆ ವಹಿಸುವುದೇ ಯುಕ್ತ. ಆದರೆ ಪದಾರ್ಥಕ್ಕೆ ಬಂದಾಗ ಸ್ಥಿತಿಯು ಬೇರೆಯಾಗುತ್ತದೆ. ‘ಅೞಿ’ ಎಂದರೆ ನಾಶವಾಗು. ‘ಅಳಿ’ ಎಂದರೆ ದುಂಬಿ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು, ಇಲ್ಲವೆ ಶತ್ರು. ‘ಅೞಿ’ ಎಂಬುದಕ್ಕೆ ವಿದ್ಯಾರ್ಥಿಯು ದುಂಬಿಯೆಂದು ಅರ್ಥವನ್ನು ಆಯ್ದರೆ ಯಂತ್ರವು ತಪ್ಪೆಂದು ಗುರುತು ಹಾಕಿ ಮುಂದೆ ಸಾಗುತ್ತದೆ. ತಪ್ಪಿಗೆ ಕಾರಣವೇನು? ಅವನು ಓದಿದ ಪ್ರತಿಯಲ್ಲಿ ೞಕಾರದ ಎಡೆಯಲ್ಲಿ ಳಕಾರವೇ ಅಚ್ಚಾಗಿದ್ದಿರಬಹುದು. ಅವನ ಫೋನಿನಲ್ಲಿ ಆ ಅಕ್ಷರವು ಸರಿಯಾಗಿ ಮೂಡದೆ ಇದ್ದಿರಬಹುದು. ಅಕ್ಷರವನ್ನು ಕಂಡೂ, ಇಂದಿನ ಉಚ್ಚಾರಣೆಯಲ್ಲಿ ಭೇದವು ಅಳಿದಿರುವುದರಿಂದ, ಎರಡೂ ಒಂದೇ ಎಂದು ಎಣಿಸಿದ್ದಿರಬಹುದು. ಮೂರು ಕಾರಣಗಳಿಗೂ ಮೂರು ಬೇರೆ ಪರಿಹಾರಗಳು. ಮೊದಲೆರಡರಲ್ಲಿ ತಪ್ಪು ಶಿಷ್ಯನದೇ ಅಲ್ಲ, ಪಾಠವನ್ನು ಕಟ್ಟಿದವನದು. ಇದನ್ನು ಕೇಳಿ ತಿಳಿಯುವುದು ಅಧ್ಯಾಪಕನಿಂದ ಮಾತ್ರ ಸಾಧ್ಯ. ಕೇಳಿ ತಿಳಿದ ಮೇಲೆ ಆತನು ರಚನೆಯನ್ನೂ ತಿದ್ದಬೇಕಾಗುತ್ತದೆ. ಹೀಗೆ ನಿರ್ವಹಣೆಯು ರಚನೆಯ ಅನಂತರದ ಉಪಚಾರವಲ್ಲ, ಅದರ ಪರೀಕ್ಷಕ.

ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ವಿದ್ವಾಂಸರು ೨೦೦೦ದಲ್ಲಿ ಆನ್‌ಲೈನ್ ಶಿಕ್ಷಣಕ್ಕೆ ಮೂರು ಬಗೆಯ ಸನ್ನಿಧಿಗಳು ಬೇಕೆಂದು ಪ್ರತಿಪಾದಿಸಿದರು: ಜ್ಞಾನದ ಸನ್ನಿಧಿ, ಸಹವಾಸದ ಸನ್ನಿಧಿ, ಬೋಧಕನ ಸನ್ನಿಧಿ. ಸನ್ನಿಧಿಯೆಂದರೆ ಮುಖವು ತೆರೆಯ ಮೇಲೆ ಕಾಣುವುದಲ್ಲ. ಒಬ್ಬನು ತನ್ನ ಮಾತನ್ನು ಓದುತ್ತಿದ್ದಾನೆಂಬ ನಂಬಿಕೆ ವಿದ್ಯಾರ್ಥಿಯಲ್ಲಿ ನೆಲಸುವುದು. ಆ ನಂಬಿಕೆಯನ್ನು ಚರ್ಚಾವೇದಿಕೆಯು ಹುಟ್ಟಿಸಬಲ್ಲದು, ಕೊಲ್ಲಲೂ ಬಲ್ಲದು. ‘ಪಂಪಭಾರತದ ಕರ್ಣನನ್ನು ಕುರಿತು ಅಭಿಪ್ರಾಯವನ್ನು ಬರೆಯಿರಿ’ ಎಂದು ಕೇಳಿದರೆ ಒಂದೇ ಉತ್ತರವು ನಲವತ್ತು ಹೆಸರುಗಳಲ್ಲಿ ಬರುವುದು. ಅದನ್ನು ಓದುವ ತಾಳ್ಮೆ ಸಹಪಾಠಿಗಳಿಗೂ ಇರದು, ಅಧ್ಯಾಪಕನಿಗೂ ಇರದು. ಅದಕ್ಕೆ ಬದಲಾಗಿ, ಅರ್ಜುನನೇ ನಾಯಕನಾಗಿರುವ ಕಾವ್ಯದಲ್ಲಿ ಕರ್ಣನಿಗೆ ಕವಿಯು ಕೊಟ್ಟ ಗೌರವವು ಯಾವ ಪದ್ಯದ ಯಾವ ಮಾತಿನಲ್ಲಿ ತೋರುತ್ತದೆಂದು ಒಬ್ಬೊಬ್ಬನೂ ಒಂದೊಂದು ಸ್ಥಳವನ್ನು ಆರಿಸಿ ತೋರಿಸಬೇಕು, ಮತ್ತೊಬ್ಬನ ನಿರ್ಣಯಕ್ಕೆ ವಿರುದ್ಧವಾದ ಸ್ಥಳವನ್ನು ಹುಡುಕಿ ಉತ್ತರಿಸಬೇಕು ಎಂದು ವಿಧಿಸಿದರೆ ಚರ್ಚೆಯು ಪಠ್ಯಕ್ಕೆ ಅಂಟಿ ನಿಲ್ಲುತ್ತದೆ. ಪ್ರಾಚೀನರು ಸಹಪಾಠಿಗಳಿಗೆ ಕೊಟ್ಟ ಪಾದವು ಇಲ್ಲಿ ನೆಲಕ್ಕೆ ಊರುತ್ತದೆ. ಅಧ್ಯಾಪಕನು ಪ್ರತಿಯೊಂದು ಮಾತಿಗೂ ಉತ್ತರಿಸಬೇಕಾಗಿಲ್ಲ. ವಾರದ ಕೊನೆಯಲ್ಲಿ ನಡೆದ ವಾದವನ್ನು ಹೆಸರು ಹಿಡಿದು ಸಂಗ್ರಹಿಸಿ, ಬಿಟ್ಟುಹೋದುದನ್ನು ಸೂಚಿಸಿದರೆ ಸಾಕು.

ಇನ್ನು ಮೌನಿಗಳ ವಿಚಾರ. ಕೊಠಡಿಯಲ್ಲಿ ಬರಿದಾದ ಬೆಂಚು ತಾನಾಗಿ ಕಣ್ಣಿಗೆ ಬೀಳುತ್ತದೆ. ಆನ್‌ಲೈನ್ ಪಾಠದಲ್ಲಿ ಗೈರುಹಾಜರಿಗೆ ರೂಪವಿಲ್ಲ. ಎರಡು ವಾರ ಬಾರದಿದ್ದವರ ಪಟ್ಟಿಯನ್ನು ಯಂತ್ರವು ಕೊಡುವುದು ನಿಜ. ಆ ಪಟ್ಟಿಯನ್ನು ದಂಡನೆಗೆ ಉಪಯೋಗಿಸುವವನಿಗೂ, ‘ಎಲ್ಲಿ ತಡೆಯಾಯಿತು’ ಎಂದು ಎರಡು ಸಾಲು ಬರೆದು ಕೇಳುವವನಿಗೂ ಇರುವ ಅಂತರವೇ ಗುಮಾಸ್ತೆಗೂ ಗುರುವಿಗೂ ಇರುವ ಅಂತರ. ತಡೆಯು ಅನೇಕ ವೇಳೆ ಬುದ್ಧಿಯದಲ್ಲ; ಮನೆಯಲ್ಲಿ ಇರುವ ಒಂದೇ ಫೋನಿನದು, ದುರ್ಬಲವಾದ ಸಂಪರ್ಕದ್ದು, ಹಗಲಿನ ದುಡಿಮೆಯದು. ಉಪನ್ಯಾಸದ ಬರಹರೂಪವನ್ನು ಇಳಿಸಿಕೊಳ್ಳಲು ಬರುವಂತೆ ಇಟ್ಟಿದ್ದರೆ ಇಂತಹವರಲ್ಲಿ ಕೆಲವರಾದರೂ ಉಳಿಯುತ್ತಾರೆ. ಕಿವಿ ಕೇಳದವರಿಗೂ ಅದರಿಂದ ದಾರಿಯಾಗುತ್ತದೆ.

ಇಷ್ಟೆಲ್ಲವೂ ಒಬ್ಬ ಅಧ್ಯಾಪಕನಿಂದ ಆಗತಕ್ಕದ್ದೆ ಎಂಬ ಆಕ್ಷೇಪವು ಬರಬಹುದು. ಆಕ್ಷೇಪವು ನ್ಯಾಯವಾದುದೇ. ನೂರಾರು ಮಂದಿಯ ಪಾಠದಲ್ಲಿ ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಾಗಿ ವಿಂಗಡಿಸುವುದು, ಪರಸ್ಪರ ಪರಿಶೀಲನೆಗೆ ಅಳತೆಗೋಲನ್ನು ಮೊದಲೇ ಕೊಡುವುದು, ಯಂತ್ರಕ್ಕೆ ಯೋಗ್ಯವಾದುದನ್ನು ಯಂತ್ರಕ್ಕೇ ಬಿಡುವುದು ಮುಂತಾದ ಉಪಾಯಗಳಿಂದ ಭಾರವು ಇಳಿಯುತ್ತದೆ, ಆದರೆ ಅಳಿಯುವುದಿಲ್ಲ. ಆದಕಾರಣ ಆ ಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಂಸ್ಥೆಯ ಕರ್ತವ್ಯ. ಉಪನ್ಯಾಸವನ್ನು ಚಿತ್ರಿಸಿದ ಗಂಟೆಗಳನ್ನು ಮಾತ್ರ ಎಣಿಸಿ, ಉತ್ತರಗಳನ್ನು ತಿದ್ದಿದ ಗಂಟೆಗಳನ್ನು ಶೂನ್ಯವೆಂದು ಬರೆಯುವ ವ್ಯವಸ್ಥೆಯು ಪಿಟ್‌ಮನ್ನನ ಪದ್ಧತಿಗಿಂತಲೂ ಹಿಂದೆ ಬಿದ್ದಂತೆಯೇ ಸರಿ.

ಈ ಪ್ರಶ್ನೆಯು ಕೇವಲ ಶಾಸ್ತ್ರಚರ್ಚೆಯದಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೧೬ರ ನಿಯಮಗಳಲ್ಲಿ ಒಂದು ಅವಧಿಯ ಪಾಠಗಳಲ್ಲಿ ಶೇಕಡ ೨೦ರವರೆಗೆ ‘ಸ್ವಯಂ’ ಮೂಲಕ ಪಡೆಯಬಹುದೆಂದು ಅನುಮತಿಸಿ, ೨೦೨೧ರಲ್ಲಿ ಆ ಮಿತಿಯನ್ನು ಶೇಕಡ ೪೦ಕ್ಕೆ ಏರಿಸಿತು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ದೂರದ ಪಂಡಿತರ ಉಪನ್ಯಾಸವು ದೊರೆಯುವುದು ಇದರ ಗುಣ. ಆ ಉಪನ್ಯಾಸವು ಬಂದುದರಿಂದ ಊರಿನ ಅಧ್ಯಾಪಕನು ಬೇಡವಾದನೆಂದು ಎಣಿಸಿದರೆ ಅದೇ ಇದರ ದೋಷವಾಗಿ ಪರಿಣಮಿಸುವುದು. ರಚನೆಯು ದೂರದಿಂದ ಬಂದಷ್ಟೂ ನಿರ್ವಹಣೆಯು ಹತ್ತಿರದಲ್ಲಿರಬೇಕಾಗುತ್ತದೆ; ದೂರದ ಪಂಡಿತನ ಪಾಠಕ್ಕೆ ವಿದ್ಯಾರ್ಥಿಯು ಬರೆದ ಉತ್ತರವನ್ನು ಯಾರಾದರೊಬ್ಬರು ಓದಲೇಬೇಕು.

ಆದುದರಿಂದ ಆನ್‌ಲೈನ್ ಪಾಠವನ್ನು ವಿಮರ್ಶಿಸುವವರು ಕೇಳಬೇಕಾದ ಪ್ರಶ್ನೆಯ ಕ್ರಮವು ಬದಲಾಗಬೇಕು. ಎಷ್ಟು ಮಂದಿ ಸೇರಿದರು ಎಂಬುದಕ್ಕೆ ಮೊದಲು, ವಿದ್ಯಾರ್ಥಿಯು ಬರೆದುದು ಎಷ್ಟು ದಿನದಲ್ಲಿ ಯಾವ ತಿದ್ದುಪಡಿಯೊಡನೆ ಅವನಿಗೆ ಮರಳಿ ಬಂದಿತು, ಆ ತಿದ್ದುಪಡಿಯಿಂದ ಮುಂದಿನ ವರ್ಷದ ಪಾಠದಲ್ಲಿ ಏನು ಬದಲಾಯಿತು ಎಂಬುದನ್ನು ವಿಚಾರಿಸಬೇಕು. ಇವೆರಡಕ್ಕೂ ಉತ್ತರವಿದ್ದಲ್ಲಿ ಚಿತ್ರವು ಮಸುಕಾಗಿದ್ದರೂ ಅದು ಪಾಠ. ಉತ್ತರವಿಲ್ಲದಿದ್ದಲ್ಲಿ ಅದು ಉತ್ತಮವಾದ ಗ್ರಂಥಭಂಡಾರವಾಗಿರಬಹುದು, ಪಾಠವಾಗಲಾರದು.